ಹೆಸರು ಕೇಳದ ಕೋಣೆ: ಮದರಾಸಿನ ಪಾನನಿರೋಧವೂ ಕುಡಿತ ಬಿಟ್ಟವರ ಸಭೆಗಳೂ

ಮದರಾಸು ಪ್ರಾಂತದ ಪಾನನಿರೋಧದ ಕಥೆ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಆರಂಭವಾಗುತ್ತದೆ. ರಾಜಾಜಿಯವರ ಸರ್ಕಾರ ಅಂದು ಅಲ್ಲಿನ ಸೇಂದಿ-ಸಾರಾಯಿ ಅಂಗಡಿಗಳನ್ನು ಮುಚ್ಚಿಸಿತು. ಕೈಬಿಟ್ಟ ಅಬಕಾರಿ ವರಮಾನವನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ಬಂದಿತು. ಮುಂದೆ ನಿಷೇಧ ಹೋಯಿತು, ತೆರಿಗೆ ಉಳಿಯಿತು. 1948ರ ಹೊತ್ತಿಗೆ ನಿಷೇಧ ಇಡೀ ಪ್ರಾಂತಕ್ಕೆ ಹಬ್ಬಿತ್ತು. ಕಾಸರಗೋಡನ್ನೂ ಒಳಗೊಂಡ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಈ ಪ್ರಾಂತದಲ್ಲೇ ಇದ್ದುದರಿಂದ ಇದು ನಮ್ಮ ಹಿರಿಯರ ಕಥೆಯೂ ಹೌದು.

ಈ ಕಾನೂನಿನ ಕಣ್ಣಿಗೆ ಕುಡಿಯುವವನು ಅಪರಾಧಿ, ಸಮಾಜದ ಕಣ್ಣಿಗೆ ದುರ್ಬಲ. ಬಿಡಬೇಕೆಂದರೂ ಬಿಡಲಾಗದವನ ಪಾಡೇನು ಎಂಬ ಪ್ರಶ್ನೆಯನ್ನು ಎರಡೂ ಕೇಳಿರಲಿಲ್ಲ.

ಆ ಪ್ರಶ್ನೆಗೆ ಒಂದು ಉತ್ತರ ಅದೇ ದಶಕದಲ್ಲಿ ಬಹುದೂರದಲ್ಲಿ ಹುಟ್ಟಿತು. ಅಮೆರಿಕವು 1933ರಲ್ಲಿ ತನ್ನ ಪಾನನಿಷೇಧವನ್ನು ರದ್ದುಗೊಳಿಸಿತ್ತು. ಎರಡು ವರ್ಷಗಳ ತರುವಾಯ, ಒಹಾಯೊ ರಾಜ್ಯದ ಆಕ್ರನ್ ನಗರಕ್ಕೆ ವ್ಯವಹಾರ ನಿಮಿತ್ತ ಬಂದಿದ್ದ ಷೇರು ದಲ್ಲಾಳಿ ಬಿಲ್ ವಿಲ್ಸನ್, ಅಲ್ಲಿನ ವೈದ್ಯ ಬಾಬ್ ಸ್ಮಿತ್ ಅವರನ್ನು ಭೇಟಿಯಾದರು. ಇಬ್ಬರೂ ಕುಡಿತದಿಂದ ಜರ್ಜರಿತರಾದವರು. ಕುಡುಕನ ಮಾತನ್ನು ಇನ್ನೊಬ್ಬ ಕುಡುಕ ಕೇಳುವಷ್ಟು ಗಮನವಿಟ್ಟು ಮತ್ತಾರೂ ಕೇಳರು ಎಂಬುದು ಅವರು ಕಂಡುಕೊಂಡ ಸರಳ ಸತ್ಯ. ಡಾಕ್ಟರ್ ಬಾಬ್ ಕಡೆಯ ಬಾರಿ ಕುಡಿದ ದಿನವಾದ 1935ರ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಹುಟ್ಟುಹಬ್ಬವೆಂದು ಗಣಿಸುತ್ತಾರೆ. ಕುಡಿಯುವವರ ಮನೆಮಂದಿಗಾಗಿ 1951ರಲ್ಲಿ ಅಲ್-ಅನಾನ್ ರೂಪುಗೊಂಡಿತು. ಭಾರತದಲ್ಲಿ ಎ.ಎ. ನೆಲೆಯೂರಿದ್ದು 1957ರಲ್ಲಿ, ಬೊಂಬಾಯಿಯಲ್ಲಿ.

ಚೆನ್ನೈನಲ್ಲಿ ತಿರುವು ತಂದದ್ದು ಒಂದು ಮನೆಯ ಶೋಕ. ಕೇಂದ್ರದ ಹಣಕಾಸು ಮಂತ್ರಿಯಾಗಿದ್ದ ಟಿ.ಟಿ. ಕೃಷ್ಣಮಾಚಾರಿಯವರ ಮೊಮ್ಮಗ ಟಿ.ಟಿ. ರಂಗನಾಥನ್ 1979ರಲ್ಲಿ ಕುಡಿತದ ಕಾಯಿಲೆಯಿಂದ ಎಳೆಯ ಪ್ರಾಯದಲ್ಲೇ ತೀರಿಕೊಂಡರು. ಅಂಥ ಮನೆತನಗಳು ಸಾವಿನ ಕಾರಣವನ್ನು ಮುಚ್ಚಿಡುವುದೇ ವಾಡಿಕೆ. ಪತ್ನಿ ಶಾಂತಿ ರಂಗನಾಥನ್ ಮುಚ್ಚಿಡಲಿಲ್ಲ. ಅಮೆರಿಕದ ಹೇಜಲ್ಡನ್‌ನಲ್ಲಿ ತರಬೇತಿ ಪಡೆದು, 1980ರಲ್ಲಿ ಗಂಡನ ಹೆಸರಿನಲ್ಲೇ ಪ್ರತಿಷ್ಠಾನ ತೆರೆದರು. ಅದೇ ಇಂದು ಇಂದಿರಾನಗರದ ಟಿ.ಟಿ.ಕೆ. ಆಸ್ಪತ್ರೆ. ಕುಡಿತ ದುರ್ಗುಣವಲ್ಲ, ಕಾಯಿಲೆ. ಅದು ಮನೆಗೆಲ್ಲ ತಗುಲುವುದರಿಂದ ಮನೆಯವರಿಗೂ ಆರೈಕೆ ಬೇಕು ಎಂಬುದು ಅಲ್ಲಿನ ನಿಲುವು. 1992ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಪಾನನಿರೋಧವನ್ನು 1971ರಲ್ಲಿ ಸಡಿಲಿಸಿ ಮತ್ತೆ ಬಿಗಿಗೊಳಿಸಿದ್ದ ತಮಿಳುನಾಡು, 1981ರಲ್ಲಿ ಅಂಗಡಿಗಳನ್ನು ಪುನಃ ತೆರೆಯಿತು. ಆಸ್ಪತ್ರೆ ಒಂದು ವರ್ಷ ಮೊದಲೇ ಹುಟ್ಟಿತ್ತು! 1983ರಲ್ಲಿ ಟಾಸ್ಮಾಕ್ ಸ್ಥಾಪನೆಯಾಯಿತು. 2003ರಿಂದ ಚಿಲ್ಲರೆ ಮಾರಾಟವೂ ಅದರದೇ. ನಮ್ಮಂತಹ ಸರ್ಕಾರಿ ನೌಕರರಿಗೆ ಇದರಲ್ಲಿ ಒಂದು ವಿಚಿತ್ರ ಕಾಣುತ್ತದೆ: ಅಂಗಡಿಯ ಲೆಕ್ಕ ಪೈಸೆಪೈಸೆಗೂ ಕಡತದಲ್ಲಿದೆ, ಬಿಟ್ಟವರ ಸಭೆಗೆ ಹಾಜರಿ ಪುಸ್ತಕವೇ ಇಲ್ಲ.

ಇಲ್ಲದಿರುವುದೇ ಅದರ ಬಲ. ಸದಸ್ಯತ್ವಕ್ಕೆ ಬೇಕಾದದ್ದು ಕುಡಿತ ಬಿಡುವ ಇಚ್ಛೆ ಮಾತ್ರ. ಶುಲ್ಕವಿಲ್ಲ, ಸದಸ್ಯರೇ ಕೈಲಾದಷ್ಟು ಹಾಕಿ ಖರ್ಚು ನೀಗಿಸುತ್ತಾರೆ, ಹೊರಗಿನವರ ದೇಣಿಗೆಯನ್ನು ಸಂಘ ಒಲ್ಲದು. ಮುಕ್ತ ಸಭೆಗೆ ಯಾರೂ ಹೋಗಬಹುದು, ಮುಚ್ಚಿದ ಸಭೆ ಕುಡಿತದ ತೊಂದರೆಯುಳ್ಳವರಿಗಷ್ಟೇ. ಒಬ್ಬರು ತಮ್ಮ ಕಥೆ ಹೇಳುವಾಗ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮೊದಲ ದಿನ ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕುಳಿತು ಬಂದರೂ ಸಾಕು. ಎಲ್ಲಿ, ಎಂದು ಸಭೆ ಎಂಬುದನ್ನು ವ್ಯಸನಮುಕ್ತಿಯ ವೈದ್ಯರಲ್ಲಿ ವಿಚಾರಿಸಬಹುದು. 14446 ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಬಹುಕಾಲ ವಿಪರೀತ ಕುಡಿದವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬರುವ ಅಪಾಯವುಂಟು. ಅಂಥವರು ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ.

ಪರಊರಿನ ಕನ್ನಡಿಗರಿಗೆ ತೊಡಕು ಇನ್ನೊಂದಿದೆ. ಚೆನ್ನೈ ನಮ್ಮನ್ನು ಗುರುತಿಸುವುದು ಉಡುಪಿ ಹೋಟೆಲಿನ ದೋಸೆ, ಕಾಫಿಗಳಿಂದ. ಸಾತ್ತ್ವಿಕರೆಂಬ ಈ ಹೆಸರನ್ನು ಕಾಪಾಡಿಕೊಳ್ಳುವ ಭರದಲ್ಲಿ, ವರ್ಗವಾಗಿ ಬಂದು ಒಂಟಿ ಕೋಣೆಯಲ್ಲಿ ಕುಡಿಯುವವನ ಸುದ್ದಿಯನ್ನು ನಾವು ‘ಸ್ವಲ್ಪ ಹುಷಾರಿಲ್ಲವಂತೆ’ ಎಂಬ ಮಾತಿನಲ್ಲಿ ಮುಗಿಸುತ್ತೇವೆ. ಕಚೇರಿಗೆ ಸಾಲುವಷ್ಟು ತಮಿಳು ಆತನಿಗೆ ಬರುತ್ತದೆ, ಇಂಗ್ಲಿಷೂ ಬರುತ್ತದೆ. ಆದರೆ ಮಗಳ ಫೀಸಿನ ಹಣವನ್ನು ಕುಡಿದೆ ಎಂದು ಹೇಳಲು ತಾಯಿನುಡಿಯೇ ಬೇಕು. ಇಂಗ್ಲಿಷಿನಲ್ಲಿ ಹೇಳಿದರೆ ಅದು ಇನ್ನಾರದೋ ಕಥೆಯಂತೆ ಕೇಳುತ್ತದೆ; ಇಂಗ್ಲಿಷ್ ಎಂ.ಎ. ಓದಿಯೂ ನಮಗೆ ಹಾಗೆಯೇ ಅನ್ನಿಸುತ್ತದೆ.

ಕನ್ನಡದಲ್ಲಿ ಅಂಥ ಮಾತು ಹುಟ್ಟಿಕೊಂಡದ್ದು ಕರಾವಳಿಯಲ್ಲಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೆ ಬೆಳೆದ ಜನಜಾಗೃತಿ ವೇದಿಕೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರ ಮುಗಿಸಿದವರು ಊರಿನಲ್ಲಿ ನವಜೀವನ ಸಮಿತಿ ಕಟ್ಟಿಕೊಂಡು ಆಗಾಗ ಸೇರುತ್ತಾರೆ. ಇಲ್ಲಿ ಎ.ಎ.ಯ ಅನಾಮಿಕತೆ ಇಲ್ಲ. ಬಿಟ್ಟವನನ್ನು ಊರೇ ಬಲ್ಲದು, ಹೆಂಡತಿ ಮಕ್ಕಳೂ ಜೊತೆಗಿರುತ್ತಾರೆ. ಎಲ್ಲರಿಗೂ ಗೊತ್ತಿರುವ ಹಳ್ಳಿಯಲ್ಲಿ ಬಹುಶಃ ಇದೇ ಸರಿ, ಯಾರಿಗೂ ಗೊತ್ತಿರದ ಪಟ್ಟಣದಲ್ಲಿ ಅದು. ‘ಕುಡುಕ’ ಎಂಬುದಕ್ಕೆ ಎದುರಾಗಿ ನಮ್ಮ ನುಡಿಯಲ್ಲಿ ಪದವೇ ಇರಲಿಲ್ಲ. ಬಿಟ್ಟವನನ್ನೂ ಜನ ‘ಹಿಂದೆ ಕುಡೀತಿದ್ದ’ ಎಂದೇ ಗುರುತಿಸುತ್ತಿದ್ದರು. ಈಗ ಬೆಳ್ತಂಗಡಿಯ ಕಡೆ ಅಂಥವನನ್ನು ನವಜೀವನದ ಸದಸ್ಯ ಎನ್ನುತ್ತಾರೆ.