ಅರಿವಳಿಕೆ ಕೊಟ್ಟಾಗ ಬರುವುದು ನಿದ್ದೆಯೇ?

‘ಒಂದು ಇಂಜೆಕ್ಷನ್ ಕೊಡುತ್ತೇವೆ, ನಿದ್ದೆ ಬರುತ್ತದೆ. ಏಳುವಷ್ಟರಲ್ಲಿ ಆಪರೇಷನ್ ಮುಗಿದಿರುತ್ತದೆ.’ ಹೆದರಿದ ರೋಗಿಗೆ ವೈದ್ಯರು ಹೀಗೆ ಧೈರ್ಯ ಹೇಳುವುದುಂಟು. ಅದು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಜನರಲ್ ಅನಸ್ತೇಶಿಯಾ, ಅಂದರೆ ಪೂರ್ಣ ಅರಿವಳಿಕೆ, ನಿಜಕ್ಕೂ ನಿದ್ದೆಯಲ್ಲ.

ನಿದ್ದೆಗೆ ಹಂತಗಳಿವೆ. ಮೊದಲು ಹಗುರ ನಿದ್ದೆ, ನಂತರ ಗಾಢ ನಿದ್ದೆ, ಬಳಿಕ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಸರಸರ ಓಡಾಡುವ, ಕನಸುಗಳು ಹೆಚ್ಚಾಗಿ ಬೀಳುವ ಆರ್‌ಇಎಂ ನಿದ್ದೆ. ಒಂದು ಸುತ್ತಿಗೆ ಸುಮಾರು 90 ನಿಮಿಷ, ರಾತ್ರಿಗೆ ನಾಲ್ಕೈದು ಸುತ್ತು. ಇದನ್ನು ನಡೆಸುವುದು ಮೆದುಳೇ. ಯಾರಾದರೂ ಚಿವುಟಿದರೆ ಎಚ್ಚರವಾಗುತ್ತದೆ.

ಅರಿವಳಿಕೆಯಲ್ಲಿ ಈ ಸುತ್ತುಗಳಿಲ್ಲ. ಔಷಧ ಕೊಡುತ್ತಿರುವಷ್ಟು ಹೊತ್ತು ಮೆದುಳು ಅದರ ಹಿಡಿತದಲ್ಲಿರುತ್ತದೆ, ಚರ್ಮ ಕೊಯ್ದರೂ ಎಚ್ಚರವಾಗುವುದಿಲ್ಲ. ಪ್ರೊಪೊಫಾಲ್ ಕೊಟ್ಟಾಗ ಇಇಜಿಯಲ್ಲಿ ಗಾಢ ನಿದ್ದೆಯಂಥದೇ ನಿಧಾನ ಅಲೆಗಳು ಕಾಣುತ್ತವೆ. ಗೊಂದಲ ಹುಟ್ಟುವುದು ಇಲ್ಲೇ. ಆದರೆ ಅವುಗಳ ಜೊತೆಗೆ ಮೆದುಳಿನ ಮುಂಭಾಗದಲ್ಲಿ ಬಲವಾದ ಆಲ್ಫಾ ಅಲೆಗಳೂ ಇರುತ್ತವೆ. ಪ್ರಮಾಣ ಇನ್ನೂ ಹೆಚ್ಚಿದರೆ ಇಇಜಿ ರೇಖೆ ಕೆಲವು ಸೆಕೆಂಡು ಬಹುತೇಕ ಸಪಾಟಾಗಿ, ಮತ್ತೆ ಒಮ್ಮೆಲೇ ಏಳುತ್ತದೆ. ಸಹಜ ನಿದ್ದೆಯಲ್ಲಿ ಹೀಗಾಗುವುದೇ ಇಲ್ಲ. ಎಮರಿ ಬ್ರೌನ್ ಮತ್ತು ಸಂಗಡಿಗರು 2010ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದ ಲೇಖನದಲ್ಲಿ, ಇದು ಔಷಧದಿಂದ ತರಿಸಿ ಮತ್ತೆ ಹೊರತರಬಹುದಾದ ಕೋಮಾ ಎಂದೇ ಹೇಳಿದ್ದಾರೆ.

ಇದು ಬರೀ ಪದದ ಜಗಳವಲ್ಲ. ನಿದ್ದೆ ಬಾರದೆ ಒದ್ದಾಡುತ್ತಿದ್ದ ಗಾಯಕ ಮೈಕೆಲ್ ಜಾಕ್ಸನ್‌ಗೆ ಮನೆಯಲ್ಲೇ ಪ್ರೊಪೊಫಾಲ್ ಕೊಡಲಾಗುತ್ತಿತ್ತು. 2009ರ ಜೂನ್ 25ರಂದು ಅವರು ತೀರಿಕೊಂಡರು. ದೇಹದಲ್ಲಿ ಪ್ರೊಪೊಫಾಲ್ ವಿಪರೀತವಾದದ್ದೇ ಮುಖ್ಯ ಕಾರಣವೆಂದು ಮರಣೋತ್ತರ ಪರೀಕ್ಷೆ ಹೇಳಿತು. ಈ ಔಷಧ ಉಸಿರಾಟವನ್ನೇ ನಿಲ್ಲಿಸಬಲ್ಲದು. ಅದಕ್ಕೇ ಆಪರೇಷನ್ ಮುಗಿಯುವ ತನಕ ಅರಿವಳಿಕೆ ತಜ್ಞರು ಉಸಿರು, ರಕ್ತದೊತ್ತಡ, ಆಮ್ಲಜನಕದ ಮೇಲೆ ಕಣ್ಣಿಟ್ಟಿರುತ್ತಾರೆ.

ಹೊಟ್ಟೆ ಖಾಲಿ ಇರಲಿ ಎನ್ನುವುದೂ ಇದೇ ಕಾರಣಕ್ಕೆ. ನಿದ್ದೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದರೆ ಕೆಮ್ಮಿ ಏಳುತ್ತೇವೆ. ಅರಿವಳಿಕೆಯಲ್ಲಿ ಆ ಕೆಮ್ಮು ಇರುವುದಿಲ್ಲ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಸಾಮಾನ್ಯವಾಗಿ ಲಘು ಆಹಾರಕ್ಕೆ ಕನಿಷ್ಠ 6 ಗಂಟೆ, ನೀರಿಗೆ 2 ಗಂಟೆ ಅಂತರ ಬೇಕು. ಎಣ್ಣೆ ತಿಂಡಿಯಾದರೆ ಇನ್ನೂ ಹೆಚ್ಚು. ‘ಒಂದೇ ಇಡ್ಲಿ ತಾನೇ’ ಎಂದು ಮುಚ್ಚಿಡಬೇಡಿ.

ದೊಡ್ಡ ಆಪರೇಷನ್ ಆದವರಿಗೆ ಮೊದಲ ಒಂದೆರಡು ರಾತ್ರಿ ಆರ್‌ಇಎಂ ನಿದ್ದೆ ಕಡಿಮೆಯಾಗಿ, ಆಮೇಲೆ ಒಟ್ಟಿಗೇ ಹೆಚ್ಚಾಗುವುದುಂಟು. ಆಗ ವಿಚಿತ್ರ ಕನಸು ಬಿದ್ದರೆ ಗಾಬರಿ ಬೇಡ. ಆದರೆ ಜೋರು ಗೊರಕೆ ಅಥವಾ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ, ಸಂಕೋಚಪಡದೆ ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿ. ನಿಮಗೇ ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಮಲಗುವವರನ್ನು ಕೇಳಿ.