ಅಡುಗೆಮನೆಗೆ ಪಾತ್ರೆ ತಂದವರು

ಎಲೆಯೇ ಗಿಡದ ಅಡುಗೆಮನೆ ಎಂಬ ವಾಕ್ಯವನ್ನು ನಾನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ನಾನು ವಿಜ್ಞಾನ ಓದಿದವಳಲ್ಲ. ಬಿ.ಎ.ಯಲ್ಲಿ ಇತಿಹಾಸ ತೆಗೆದುಕೊಂಡು, ಬಿ.ಎಡ್. ಮುಗಿಸಿ, ಸಮಾಜ ಪಾಠಕ್ಕೆಂದು ಕೆಲಸಕ್ಕೆ ಸೇರಿದವಳು. ಸೇರಿದ ಮೂರನೆಯ ವರ್ಷ, 1998ರಲ್ಲಿ, ವಿಜ್ಞಾನದ ಮೇಷ್ಟರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೆಡ್‌ಮಾಸ್ಟರು ಕರೆದು, "ಏಳನೇ ಕ್ಲಾಸಿನ ವಿಜ್ಞಾನ ತಾನೆ ಮೇಡಂ, ನೀವೇ ಸ್ವಲ್ಪ ನೋಡಿಕೊಳ್ಳಿ" ಎಂದರು. ಹಿಂದಿನ ರಾತ್ರಿ ಓದಿಕೊಂಡು ಮರುದಿನ ಹೇಳುವುದು ಎಂಬ ಕ್ರಮದಲ್ಲಿ ನೋಡಿಕೊಂಡೆ.

ಒಂದು ದಿನ ಜೀವಕೋಶದ ಚಿತ್ರ ಬರೆದು, ಅದರೊಳಗೆ ಹಸಿರು ಸೀಮೆಸುಣ್ಣದಿಂದ ಅವರೆಕಾಳಿನ ಆಕಾರದ ನಾಲ್ಕಾರು ಗುಂಡು ಬಿಡಿಸಿ, ಇವು ಕ್ಲೋರೋಪ್ಲಾಸ್ಟ್‌ಗಳು, ಬಿಸಿಲು ಹಿಡಿದು ಅಡುಗೆ ಮಾಡುವುದು ಇವೇ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಅಡುಗೆಮನೆಗೆ ಒಲೆ, ಪಾತ್ರೆ ಎಲ್ಲಾ ಯಾರು ತಂದುಕೊಡ್ತಾರೆ ಮಿಸ್?" ಎಂದಳು. ಮಕ್ಕಳೆಲ್ಲ ನಕ್ಕರು. ಅವಳ ತಾಯಿ ಮದುವೆಮನೆಗಳಿಗೆ ಅಡುಗೆಗೆ ಹೋಗುತ್ತಿದ್ದರು. ಪಾತ್ರೆ ಬಾಡಿಗೆಗೆ ತರುವುದು, ಎಣಿಸುವುದು, ತಿಕ್ಕಿ ಒಪ್ಪಿಸುವುದು ಎಲ್ಲ ಆ ಹುಡುಗಿಗೆ ಕೈಬಳಕೆಯ ಸಂಗತಿ. ನಾನು, "ಎಲ್ಲಾ ಅದರೊಳಗೇ ಇರುತ್ತೆ. ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದೆ. ಕೂತಳು. ಆ ವರ್ಷ ಮತ್ತೆ ಅವಳು ಪ್ರಶ್ನೆ ಕೇಳಿದ ನೆನಪಿಲ್ಲ.

ಉತ್ತರ ತಪ್ಪಾಗಿತ್ತು. ಅದು ತಪ್ಪೆಂದು ಲೋಕಕ್ಕೆ ಗೊತ್ತಾಗಿ ಆಗಲೇ ಇಪ್ಪತ್ತು ವರ್ಷ ಕಳೆದಿತ್ತು. ನನಗೆ ಸುಳಿವು ಸಿಕ್ಕಿದ್ದು ಮರುವರ್ಷ ಅಕ್ಟೋಬರಿನಲ್ಲಿ, ನೊಬೆಲ್ ಬಹುಮಾನದ ಸುದ್ದಿ ಓದುವಾಗ. ಜೀವಕೋಶದೊಳಗೆ ಪ್ರೋಟೀನುಗಳು ತಾವು ಹೋಗಬೇಕಾದ ವಿಳಾಸವನ್ನು ಹೊತ್ತುಕೊಂಡೇ ಹುಟ್ಟುತ್ತವೆ ಎಂದು ಕಂಡುಹಿಡಿದವರಿಗೆ ಬಹುಮಾನ ಬಂದಿತ್ತು. ಹಾಗಾದರೆ ಪಾತ್ರೆ ಹೊರಗಿನಿಂದ ಬರುತ್ತದೆಯೇ ಎಂದು ಆ ಹುಡುಗಿಯ ಮುಖ ನೆನಪಾಯಿತು. ಅಲ್ಲಿಂದ ಹಿಡಿದು, ಬಿಡುವಾದಾಗಲೆಲ್ಲ ಇದರ ಹಿಂದೆ ಬಿದ್ದಿದ್ದೇನೆ. ಇತಿಹಾಸದವರಿಗೆ ಒಂದು ಚಟವಿದೆ. ವಸ್ತು ಹೇಗಿದೆ ಎನ್ನುವುದಕ್ಕಿಂತ ಅದನ್ನು ಯಾರು, ಯಾವಾಗ, ಹೇಗೆ ಕಂಡರು ಎಂದು ಕೇಳದಿದ್ದರೆ ನಮಗೆ ಸಮಾಧಾನವಿಲ್ಲ.

ನನ್ನ ತಪ್ಪು ಉತ್ತರಕ್ಕೂ ಒಂದು ಕಾಲದಲ್ಲಿ ಮರ್ಯಾದೆಯಿತ್ತು ಎಂದು ತಿಳಿದಾಗ ಸ್ವಲ್ಪ ನೆಮ್ಮದಿಯಾಯಿತೆಂದು ಒಪ್ಪಿಕೊಳ್ಳುತ್ತೇನೆ. 1883ರಲ್ಲಿ ಜರ್ಮನಿಯ ಶಿಂಪರ್ ಎಂಬ ಸಸ್ಯವಿಜ್ಞಾನಿ, ಈ ಹಸಿರು ಗುಂಡುಗಳು ಎಲ್ಲಿಂದಲೋ ಮೂಡುವುದಿಲ್ಲ, ಒಂದು ಒಡೆದು ಎರಡಾಗುತ್ತದೆ ಎಂದು ತೋರಿಸಿದ. 1905ರಲ್ಲಿ ರಷ್ಯದ ಮೆರೆಷ್ಕೋವ್ಸ್ಕಿ ಇನ್ನೂ ಮುಂದೆ ಹೋಗಿ, ಇವು ಮೂಲದಲ್ಲಿ ಬೇರೆ ಜೀವಿಗಳೇ, ಯಾವುದೋ ಕಾಲದಲ್ಲಿ ಒಳಹೊಕ್ಕು ನೆಲೆಸಿದ ಅತಿಥಿಗಳು ಎಂದ. 1962ರಲ್ಲಿ ಕ್ಲೋರೋಪ್ಲಾಸ್ಟಿನೊಳಗೇ ಡಿ.ಎನ್.ಎ. ಇರುವುದು ಸೂಕ್ಷ್ಮದರ್ಶಕದಲ್ಲಿ ಕಂಡಿತು. 1967ರಲ್ಲಿ ಲಿನ್ ಮಾರ್ಗುಲಿಸ್ ಎಂಬ ಮಹಿಳೆ, ಹಲವು ಪತ್ರಿಕೆಗಳು ಹಿಂದಕ್ಕೆ ಕಳುಹಿಸಿದ ಮೇಲೆ, ಈ ಅತಿಥಿಯ ವಾದವನ್ನು ಪುರಾವೆಗಳೊಂದಿಗೆ ಅಚ್ಚು ಹಾಕಿಸಿದರು. ನೂರು ಕೋಟಿ ವರ್ಷಗಳಿಗೂ ಹಿಂದೆ ಸ್ವತಂತ್ರವಾಗಿ ಬದುಕಿದ್ದ ನೀಲಿಹಸಿರು ಪಾಚಿಯಂಥ ಜೀವಿ ಅದು. ಸ್ವಂತ ವಂಶವಾಹಿ, ಪ್ರೋಟೀನು ಕಟ್ಟುವ ಸ್ವಂತ ಸಲಕರಣೆ ಎರಡೂ ಇದ್ದ ಮೇಲೆ ಪಾತ್ರೆಯನ್ನೂ ತಾನೇ ಮಾಡಿಕೊಳ್ಳುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ.

ಅನ್ನಿಸಿದ್ದು ಕೆಟ್ಟದ್ದು ಹೊಗೆಸೊಪ್ಪಿನ ಗಿಡದಿಂದ. ಲಾಸ್ ಏಂಜಲಿಸ್‌ನಲ್ಲಿ ಸ್ಯಾಮ್ ವೈಲ್ಡ್‌ಮನ್ ಎಂಬುವರು ಎಲೆಯಲ್ಲಿ ಅತಿ ಹೇರಳವಾಗಿರುವ ಒಂದು ಪ್ರೋಟೀನನ್ನು ದಶಕಗಟ್ಟಲೆ ಅಭ್ಯಾಸ ಮಾಡಿದ್ದರು. ಗಾಳಿಯ ಇಂಗಾಲವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕಿಣ್ವ ಅದು. ಇಂದಿನ ಹೆಸರು ರುಬಿಸ್ಕೊ. ವೈಲ್ಡ್‌ಮನ್ ನಿವೃತ್ತರಾದಾಗ, 1979ರಲ್ಲಿ, ನಬಿಸ್ಕೊ ಎಂಬ ಬಿಸ್ಕತ್ತು ಕಂಪನಿಯ ಹೆಸರನ್ನು ಅನುಕರಿಸಿ ತಮಾಷೆಗೆ ಇಟ್ಟ ಹೆಸರು, ಅದೇ ನಿಂತುಬಿಟ್ಟಿತು. ಈ ಕಿಣ್ವಕ್ಕೆ ಎಂಟು ದೊಡ್ಡ ತುಂಡು, ಎಂಟು ಚಿಕ್ಕ ತುಂಡು. ಒರಳು, ಗುಂಡು ಎಂದಿಟ್ಟುಕೊಳ್ಳಿ. 1972ರಲ್ಲಿ ಅವರ ತಂಡ ಎರಡು ಜಾತಿಯ ಹೊಗೆಸೊಪ್ಪನ್ನು ಕೂಡಿಸಿ ನೋಡಿದಾಗ ದೊಡ್ಡ ತುಂಡಿನ ಗುಣ ತಾಯಿಗಿಡದಿಂದ ಮಾತ್ರ ಬಂತು, ಚಿಕ್ಕ ತುಂಡಿನ ಗುಣ ತಂದೆ ತಾಯಿ ಇಬ್ಬರಿಂದಲೂ ಬಂತು. ಹೊಗೆಸೊಪ್ಪಿನಲ್ಲಿ ಕ್ಲೋರೋಪ್ಲಾಸ್ಟ್ ಬರುವುದು ತಾಯಿಯ ಕಡೆಯಿಂದ. ಹಾಗಾದರೆ ಒರಳಿನ ವಂಶವಾಹಿ ಕ್ಲೋರೋಪ್ಲಾಸ್ಟಿನೊಳಗಿದೆ, ಗುಂಡಿನದು ಹೊರಗೆ ಕೋಶಕೇಂದ್ರದಲ್ಲಿದೆ ಎಂದಾಯಿತು. ಒಂದೇ ರುಬ್ಬುವ ಕಲ್ಲಿನ ಎರಡು ಭಾಗ, ಎರಡು ಊರಿನಲ್ಲಿ ಕಡೆದದ್ದು.

ಗುಂಡು ಒಳಗೆ ಬರುವುದು ಹೇಗೆ? ಕ್ಲೋರೋಪ್ಲಾಸ್ಟಿಗೆ ಎರಡು ಪೊರೆಗಳ ಗೋಡೆಯಿದೆ. ಇಲ್ಲಿ ಗುಂಟರ್ ಬ್ಲೋಬೆಲ್ ಅವರ ಕಥೆ ಹೇಳಬೇಕು.

ಅವರು 1936ರಲ್ಲಿ ಆಗಿನ ಜರ್ಮನಿಯ ಸಿಲೇಸಿಯದ ಹಳ್ಳಿಯೊಂದರಲ್ಲಿ ಹುಟ್ಟಿದರು. ಆ ಹಳ್ಳಿ ಈಗ ಪೋಲೆಂಡಿನಲ್ಲಿದೆ. 1945ರ ಜನವರಿಯಲ್ಲಿ ರಷ್ಯದ ಸೇನೆ ಹತ್ತಿರವಾದಾಗ ಮನೆ ಬಿಟ್ಟು ಹೊರಟ ಕುಟುಂಬ ಡ್ರೆಸ್ಡನ್ ನಗರವನ್ನು ಹಾದುಹೋಯಿತು. ಅಲ್ಲಿನ ಫ್ರೌಎನ್‌ಕಿರ್ಖೆ ಚರ್ಚಿನ ಕಲ್ಲಿನ ಗುಮ್ಮಟವನ್ನು ಎಂಟು ವರ್ಷದ ಹುಡುಗ ಬೆರಗಾಗಿ ನೋಡಿದ. ಕೆಲವೇ ದಿನಗಳಲ್ಲಿ ಬಾಂಬು ಬಿದ್ದು ನಗರ ಉರಿಯಿತು, ಆ ಬೆಂಕಿಯ ಬೆಳಕು ದೂರದ ಆಕಾಶದಲ್ಲಿ ಅವನಿಗೆ ಕಂಡಿತು. ಏಪ್ರಿಲಿನಲ್ಲಿ ಹತ್ತೊಂಬತ್ತು ವರ್ಷದ ಅಕ್ಕ, ತಾನು ಪ್ರಯಾಣಿಸುತ್ತಿದ್ದ ರೈಲಿನ ಮೇಲೆ ನಡೆದ ವಿಮಾನದಾಳಿಯಲ್ಲಿ ತೀರಿಕೊಂಡಳು. ಈ ಹುಡುಗನೇ ಮುಂದೆ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯ ಸೇರಿ, 1971ರಲ್ಲಿ ಸಬಾಟಿನಿಯವರ ಜೊತೆಗೂಡಿ, ಜೀವಕೋಶದಿಂದ ಹೊರಹೋಗಬೇಕಾದ ಪ್ರೋಟೀನಿನ ಸರದ ಮೊದಲ ತುದಿಯಲ್ಲೇ ವಿಳಾಸ ಇರಬೇಕೆಂದು ಊಹಿಸಿದರು. 1999ರ ನೊಬೆಲ್ ಹಣವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಡ್ರೆಸ್ಡನ್ನಿನ ಆ ಚರ್ಚನ್ನೂ ಯೆಹೂದಿಗಳ ಪ್ರಾರ್ಥನಾಮಂದಿರವನ್ನೂ ಕಟ್ಟಲು, ಅಕ್ಕನ ನೆನಪಿಗೆ ಕೊಟ್ಟುಬಿಟ್ಟರು. ಚರ್ಚು 2005ರಲ್ಲಿ ಮತ್ತೆ ಎದ್ದುನಿಂತಿತು. ಬ್ಲೋಬೆಲ್ 2018ರಲ್ಲಿ ತೀರಿಕೊಂಡರು. ಇದಕ್ಕೂ ಎಲೆಗೂ ಏನು ಸಂಬಂಧ ಎಂದು ವಿಜ್ಞಾನದ ಮೇಷ್ಟರು ಕೇಳಬಹುದು. ಊರು ಬಿಟ್ಟು ಓಡಿದವನಿಗೆ ವಿಳಾಸದ ಬೆಲೆ ತಿಳಿದಿತ್ತು ಎಂದು ಹೇಳಿಬಿಡಲು ನನಗೂ ಆಸೆ, ಆದರೆ ಇತಿಹಾಸದಲ್ಲಿ ಹಾಗೆ ಜೋಡಿಸಬಾರದೆಂದು ಮಕ್ಕಳಿಗೆ ನಾನೇ ಹೇಳುತ್ತೇನೆ.

1977ರಲ್ಲಿ ಬ್ಲೋಬೆಲ್, ಡಾಬರ್‌ಸ್ಟೈನ್ ಮತ್ತು ಸಿಂಗಪುರದಿಂದ ಬಂದಿದ್ದ ನಾಮ್-ಹಾಯ್ ಚುವಾ, ಒಂದು ಹಸಿರು ಪಾಚಿಯ ರುಬಿಸ್ಕೊ ಗುಂಡನ್ನು ಪ್ರನಾಳದಲ್ಲಿ ತಯಾರಿಸಿ ನೋಡಿದಾಗ ಅದು ಇರಬೇಕಾದುದಕ್ಕಿಂತ ಉದ್ದವಾಗಿತ್ತು. 1978ರಲ್ಲಿ ಒಂದೇ ವರ್ಷ ಎರಡು ಕಡೆ ಉತ್ತರ ಸಿಕ್ಕಿತು. ನ್ಯೂಯಾರ್ಕಿನಲ್ಲಿ ಚುವಾ ಮತ್ತು ಸ್ಮಿಟ್, ಇಂಗ್ಲೆಂಡಿನ ವಾರಿಕ್‌ನಲ್ಲಿ ಹೈಫೀಲ್ಡ್ ಮತ್ತು ಜಾನ್ ಎಲಿಸ್. ಪ್ರಯೋಗ ಎಷ್ಟು ಸರಳವೆಂದರೆ ನನಗೂ ಅರ್ಥವಾಯಿತು. ಬಟಾಣಿ ಎಲೆಯಿಂದ ಪ್ರೋಟೀನಿನ ಆದೇಶಪತ್ರವನ್ನು, ಎಂದರೆ ಆರ್.ಎನ್.ಎ.ಯನ್ನು ತೆಗೆದು, ಗೋಧಿಯ ಮೊಳಕೆಯ ರಸಕ್ಕೆ ಹಾಕಿದರು. ವಿಕಿರಣದ ಗುರುತಿರುವ ಗುಂಡು ಅಲ್ಲಿ ತಯಾರಾಯಿತು, ತೂಕ ಸುಮಾರು 20,000 ಘಟಕ. ಅದಕ್ಕೆ ಬಟಾಣಿಯ ಇಡೀ ಕ್ಲೋರೋಪ್ಲಾಸ್ಟುಗಳನ್ನು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರು. ಹೊರಗೆ ಅಂಟಿಕೊಂಡದ್ದು ಉಳಿಯದಂತೆ, ಪ್ರೋಟೀನನ್ನು ಕತ್ತರಿಸುವ ಕಿಣ್ವ ಹಾಕಿ ತೊಳೆದರು. ಒಳಗೆ ನೋಡಿದರೆ ಗುಂಡು ಸುರಕ್ಷಿತವಾಗಿತ್ತು. ತೂಕ ಮಾತ್ರ 14,000ಕ್ಕೆ ಇಳಿದಿತ್ತು, ಆಗಲೇ ಒರಳಿನೊಂದಿಗೆ ಕೂಡಿಕೊಂಡಿತ್ತು. ಇಳಿದ ತೂಕವೇ ವಿಳಾಸ. ಬಟಾಣಿಯಲ್ಲಿ ಅದು ಐವತ್ತೇಳು ಅಮೈನೋ ಆಮ್ಲಗಳ ತುಣುಕು, ಒಳಗೆ ಬಂದ ಕೂಡಲೇ ಕತ್ತರಿಸಿಹೋಗುತ್ತದೆ. ಇನ್ನೊಂದು ವಿಶೇಷ, ಗುಂಡು ಹೊರಗೆ ಪೂರ್ತಿ ತಯಾರಾದ ಮೇಲೆ ಹೊರಟು ಬರುತ್ತದೆ. ಬ್ಲೋಬೆಲ್ ಮೊದಲು ಕಂಡ ಪ್ರೋಟೀನುಗಳು ಕಟ್ಟಲ್ಪಡುತ್ತಲೇ ಪೊರೆ ದಾಟುತ್ತಿದ್ದವು.

1986ರಲ್ಲಿ ಜಪಾನಿನವರು ಹೊಗೆಸೊಪ್ಪಿನ ಕ್ಲೋರೋಪ್ಲಾಸ್ಟಿನ ಡಿ.ಎನ್.ಎ.ಯನ್ನು ಪೂರ್ತಿ ಓದಿದಾಗ ಅತಿಥಿಯ ಬಡತನ ಬಯಲಾಯಿತು. ಸುಮಾರು 1,55,800 ಅಕ್ಷರ ಅಷ್ಟೇ, ಪ್ರೋಟೀನಿನ ವಂಶವಾಹಿ ಎಂಬತ್ತರ ಆಸುಪಾಸು. ಬೇಕಾದದ್ದು ಎರಡು ಮೂರು ಸಾವಿರ ಪ್ರೋಟೀನು. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಪಾಲು ಹೊರಗಿನಿಂದಲೇ ಬರಬೇಕು. ಕೋಟ್ಯಂತರ ವರ್ಷಗಳಲ್ಲಿ ಆಸ್ತಿಪತ್ರಗಳೆಲ್ಲ ಒಂದೊಂದಾಗಿ ಕೋಶಕೇಂದ್ರಕ್ಕೆ ಸೇರಿಹೋಗಿವೆ. ಉಳಿದವು ಕಳೆದೇಹೋಗಿವೆ.

ಬಾಗಿಲುಗಳ ಗುರುತು ಹತ್ತಿದ್ದು 1994ರ ಸುಮಾರಿಗೆ. ಹೊರಪೊರೆಯದಕ್ಕೆ ಟಾಕ್, ಒಳಪೊರೆಯದಕ್ಕೆ ಟಿಕ್ ಎಂದು ಹೆಸರು. ಹೊರಬಾಗಿಲಿನ ಮುಖ್ಯ ಪ್ರೋಟೀನಿನ ಬಂಧುಗಳು ಇಂದಿನ ನೀಲಿಹಸಿರು ಪಾಚಿಯ ಹೊರಪೊರೆಯಲ್ಲೂ ಇವೆ, ಎಂದರೆ ಅತಿಥಿಯ ಹಳೆಯ ಚೌಕಟ್ಟನ್ನೇ ಬದಲಾಯಿಸಿಕೊಂಡು ಬಾಗಿಲು ಮಾಡಿದ್ದಾರೆ. ದಾಟುವುದಕ್ಕೆ ಶಕ್ತಿ ಬೇಕು. ಬೆಳಕಿದ್ದರೆ ಕ್ಲೋರೋಪ್ಲಾಸ್ಟ್ ತಾನೇ ತಯಾರಿಸಿದ ಎ.ಟಿ.ಪಿ.ಯಿಂದ ನಡೆಯುತ್ತದೆ, ಕತ್ತಲಲ್ಲಾದರೆ ಹೊರಗಿನಿಂದ ಎ.ಟಿ.ಪಿ. ಕೊಡಬೇಕು ಎಂದು ಚುವಾ ತಂಡ 1980ರಲ್ಲೇ ತೋರಿಸಿತ್ತು. ಸೂಜಿಯ ಕಣ್ಣಿಗೆ ಉಂಡೆಯನ್ನು ತೂರಿಸಲಾಗದು, ನೂಲು ಬಿಚ್ಚಬೇಕು. ಹಾಗೆಯೇ ಪ್ರೋಟೀನೂ ಬಿಚ್ಚಿಕೊಂಡು ಬಂದು, ಒಳಗೆ ಮತ್ತೆ ಮಡಚಿಕೊಳ್ಳುತ್ತದೆ. ಬಿಚ್ಚಿದ ಸ್ಥಿತಿಯಲ್ಲಿ ಅದು ಬೇರೆಯವಕ್ಕೆ ಅಂಟಿಕೊಂಡು ಕೆಡದಂತೆ ಕಾಯುವ ಇನ್ನೊಂದು ಬಗೆಯ ಪ್ರೋಟೀನುಗಳಿವೆ. ಎಲಿಸ್ ಅವರು 1987ರಲ್ಲಿ ಇವಕ್ಕೆಲ್ಲ ಶಾಪರೋನ್ ಎಂಬ ಹೆಸರನ್ನು ರೂಢಿಗೆ ತಂದರು. ಮದುವೆಯಾಗದ ಹುಡುಗಿಯರ ಜೊತೆ ಕಾವಲಿಗೆ ಹೋಗುವ ಹಿರಿಯ ಹೆಂಗಸು ಎಂದು ಆ ಪದದ ಅರ್ಥ. ಶಾಲೆಯ ಪ್ರವಾಸಕ್ಕೆ ಪ್ರತಿವರ್ಷ ಹೆಣ್ಣುಮಕ್ಕಳ ಜೊತೆ ನನ್ನನ್ನೇ ಹೊರಡಿಸುತ್ತಿದ್ದುದರಿಂದ ಈ ಪದ ಮರೆಯಲಿಲ್ಲ.

ವಿಳಾಸ ಗೊತ್ತಾದ ಮೇಲೆ ಅದನ್ನು ಬೇರೆ ಸಾಮಾನಿಗೂ ಹಚ್ಚಬಹುದು. 2000ದಲ್ಲಿ ಪೊಟ್ರಿಕಸ್ ಮತ್ತು ಬೇಯರ್ ಹಳದಿ ಅಕ್ಕಿಯನ್ನು ಪ್ರಕಟಿಸಿದಾಗ, ಬ್ಯಾಕ್ಟೀರಿಯದಿಂದ ತಂದ ಕಿಣ್ವ ಭತ್ತದ ಕಾಳಿನಲ್ಲಿ ಸರಿಯಾದ ಕೋಣೆ ಸೇರಲೆಂದು ಅದಕ್ಕೆ ಜೋಡಿಸಿದ್ದು ಬಟಾಣಿಯ ಇದೇ ರುಬಿಸ್ಕೊ ಚೀಟಿಯನ್ನು. ಆ ಅಕ್ಕಿ ಬೇಕೋ ಬೇಡವೋ ಎಂಬ ಜಗಳ ಬೇರೆ. ಬ್ಯಾಕ್ಟೀರಿಯದ ಮಾಲು ಬಟಾಣಿಯ ವಿಳಾಸದಲ್ಲಿ ಭತ್ತದ ಮನೆಗೆ ತಲುಪಿತು ಎನ್ನುವುದು ನನಗೆ ಇಂದಿಗೂ ಸೋಜಿಗ.

ಆ ಹುಡುಗಿ ಏಳನೆಯದು ಮುಗಿಸಿ, ತಂದೆಯ ಕೆಲಸದ ನಿಮಿತ್ತ ಬೇರೆ ಊರಿಗೆ ಹೋದಳು. ದಾಖಲಾತಿ ಪುಸ್ತಕದಲ್ಲಿ ಇರುವುದು ಹಳೆಯ ಬಾಡಿಗೆ ಮನೆಯ ವಿಳಾಸ. ಈಗ ನಲವತ್ತರ ಹತ್ತಿರವಿರಬೇಕು.

ಕಳೆದ ವರ್ಷ ಏಳನೆಯ ತರಗತಿಯಲ್ಲಿ ಬಿಡುವಿನ ಪೀರಿಯಡ್ ಸಿಕ್ಕಾಗ ಇಷ್ಟನ್ನೂ ಹೇಳಿದೆ. ಅವಳ ಪ್ರಶ್ನೆಯಿಂದಲೇ ಶುರು ಮಾಡಿ, ತಪ್ಪು ಹೇಳಿದ್ದು ನಾನೇ ಎಂದೂ ಹೇಳಿದೆ. ಮೇಷ್ಟರು ತಪ್ಪು ಮಾಡಿದ ಕಥೆ ಎಂದರೆ ಮಕ್ಕಳಿಗೆ ಕಿವಿಯೆಲ್ಲ ಅಲ್ಲೇ. ಕೊನೆಯಲ್ಲಿ ಒಬ್ಬ ಹುಡುಗ, "ಕತ್ತರಿಸಿದ ಚೀಟಿ ಏನಾಗುತ್ತೆ ಮಿಸ್?" ಎಂದ. ಈ ಸಲ ಓದಿಕೊಂಡಿದ್ದೆ. ಅದನ್ನು ಒಳಗೇ ಇನ್ನೊಂದು ಕಿಣ್ವ ಚೂರು ಮಾಡುತ್ತದೆ, ಆ ಚೂರುಗಳಿಂದ ಮತ್ತೆ ಹೊಸ ಪ್ರೋಟೀನು ಕಟ್ಟಬಹುದು ಎಂದೆ. ಅವನು ಸ್ವಲ್ಪ ಯೋಚಿಸಿ, "ಹಾಗಾದ್ರೆ ಚೀಟೀನೂ ಅಡುಗೆಗೇ ಹಾಕ್ಬಿಡ್ತಾರೆ" ಎಂದು ಕೂತುಕೊಂಡ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.