ಎರಡು ಊರು, ಒಂದೇ ಕಡಲು

ಕರಾವಳಿಯಲ್ಲಿ ಹುಟ್ಟಿ ಬೆಳೆದವನಿಗೆ ದುಡ್ಡು ಕೊಟ್ಟು ಮೀನು ನೋಡುವುದೆಂದರೆ ಸ್ವಲ್ಪ ನಗು ಬರುವ ಸಂಗತಿ. ನಮ್ಮಲ್ಲಿ ದುಡ್ಡು ಕೊಡುವುದು ಮೀನು ತಿನ್ನುವುದಕ್ಕೆ. ನೋಡಬೇಕೆಂದಿದ್ದರೆ ಬೆಳಿಗ್ಗೆ ದಕ್ಕೆಗೆ ಹೋಗಿ ನಿಂತರಾಯಿತು; ಬಂಗುಡೆ, ಬೂತಾಯಿ, ಅಂಜಲ್, ತೊರಕೆ ಎಲ್ಲವೂ ಬುಟ್ಟಿಯಲ್ಲಿ ಬಂದು ಸಾಲಾಗಿ ಕೂರುತ್ತವೆ. ಆದ್ದರಿಂದ ಮಗಳು ಓದುತ್ತಿದ್ದ ಬ್ರೈಟನ್ ಊರಿಗೆ ಹೋಗಿದ್ದಾಗ ಅವಳು ಮತ್ಸ್ಯಾಲಯಕ್ಕೆ ಟಿಕೆಟು ತೆಗೆಸಿದ್ದಾಳೆಂದು ತಿಳಿದು ನಾನು ಗೊಣಗಿದ್ದು ನಿಜ. ಒಳಗೆ ಹೋದ ಮೇಲೆ ಗೊಣಗಾಟ ನಿಂತಿತು. ಇಂಗ್ಲೆಂಡಿನ ದಕ್ಷಿಣ ದಂಡೆಯಲ್ಲಿ, ರಸ್ತೆಗಿಂತ ಕೆಳಗೆ, ಹಳೆಯ ಇಗರ್ಜಿಯಂತೆ ಕಮಾನುಗಳ ಕೆಳಗೆ ಕಮಾನು ಕಟ್ಟಿದ ಓಣಿ. ಇಕ್ಕೆಲಗಳಲ್ಲಿ ಗಾಜಿನ ಹಿಂದೆ ನೀರು. ಓಣಿ ದಾಟಿದರೆ ಗಾಜಿನ ಸುರಂಗ, ತಲೆಯ ಮೇಲೆ ಆಮೆ, ಶಾರ್ಕು.

ಕೆಲವು ವರ್ಷಗಳ ನಂತರ ಅವಳು ಕೆಲಸಕ್ಕೆಂದು ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೋದಳು. ಅಲ್ಲಿಯೂ ಒಂದು ಮತ್ಸ್ಯಾಲಯ, ಅಲ್ಲಿಯೂ ಸುರಂಗ. ಸಂಜೆ ಮನೆಗೆ ಬಂದು ಟಿಕೆಟನ್ನು ಪುಸ್ತಕದೊಳಗೆ ಇಡುವಾಗ ಹಳೆಯ ಬ್ರೈಟನ್ ಟಿಕೆಟು ಅದೇ ಪುಸ್ತಕದಲ್ಲಿ ಸಿಕ್ಕಿತು. ಎರಡರ ಮೇಲೂ ಒಂದೇ ಹೆಸರು: ಸೀ ಲೈಫ್. ಭೂಮಿಯ ಎರಡು ತುದಿಗಳ ಎರಡು ಕಡಲುಗಳಿಗೆ ಒಬ್ಬನೇ ಧಣಿ! "ಅಪ್ಪ, ಬಾಟಾ ಅಂಗಡಿ ಎಲ್ಲಾ ಊರಲ್ಲೂ ಇರುವುದಿಲ್ಲವಾ, ಹಾಗೆ" ಎಂದಳು ಮಗಳು. ಚಪ್ಪಲಿ ಎಲ್ಲಾ ಊರಿನಲ್ಲೂ ಒಂದೇ ಆದರೆ ತೊಂದರೆಯಿಲ್ಲ, ಕಡಲು ಹಾಗಾದರೆ? ಈ ಪ್ರಶ್ನೆ ಹಿಡಿದುಕೊಂಡು ನಾನು ಮತ್ಸ್ಯಾಲಯಗಳ ಚರಿತ್ರೆಯನ್ನು ಓದತೊಡಗಿದೆ.

ಸಾರ್ವಜನಿಕ ಮತ್ಸ್ಯಾಲಯ ಬಹಳ ಹಳೆಯ ಸಂಸ್ಥೆಯೇನಲ್ಲ. ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಮೊದಲ 'ಮೀನಿನ ಮನೆ' ತೆರೆದದ್ದು 1853ರಲ್ಲಿ. ಗಾಜಿನ ತೊಟ್ಟಿಯಲ್ಲಿ ಮೀನನ್ನು ಬದುಕಿಸುವುದು ಆಗ ದೊಡ್ಡ ಸಮಸ್ಯೆ. ಅದನ್ನು ಬಿಡಿಸಿದವರಲ್ಲಿ ಮುಖ್ಯನಾದವನು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೇಸ್ ಮತ್ಸ್ಯಾಲಯದಲ್ಲಿ ಅವನು ಮಾಡಿದ್ದು ಇಷ್ಟೇ: ಜನ ನೋಡುವ ತೊಟ್ಟಿಗಳ ಕೆಳಗೆ, ಯಾರಿಗೂ ಕಾಣದ ಕತ್ತಲೆಯಲ್ಲಿ, ಅವುಗಳಿಗಿಂತ ಎಷ್ಟೋ ದೊಡ್ಡದಾದ ನೀರಿನ ಭಂಡಾರವೊಂದನ್ನು ಕಟ್ಟಿ, ಮೇಲಿನ ನೀರೂ ಕೆಳಗಿನ ನೀರೂ ಹಗಲಿರುಳು ಸುತ್ತುತ್ತಿರುವಂತೆ ಪಂಪು ಹೂಡಿದ. ಕಾಣುವ ನೀರನ್ನು ಕಾಣದ ನೀರು ಸಾಕುತ್ತಿತ್ತು. ಟಿಕೆಟು ಕೊಂಡವನಿಗೆ ಕಾಣದ ವಸ್ತುವಿಗೆ ಖರ್ಚು ಮಾಡಲು ಒಡೆಯ ಒಪ್ಪುತ್ತಾನೆಯೇ ಎಂಬುದರ ಮೇಲೆ ಮೀನಿನ ಜೀವ ನಿಂತಿತ್ತು. ನನಗೇನೋ ಮತ್ಸ್ಯಾಲಯಗಳ ಇಡೀ ಚರಿತ್ರೆ ಈ ಒಂದು ಮಾತಿನೊಳಗೆ ಅಡಗಿದೆ ಎನಿಸುತ್ತದೆ.

ಬ್ರೈಟನ್ನಿನ ಮತ್ಸ್ಯಾಲಯ ತೆರೆದದ್ದು 1872ರಲ್ಲಿ. ಕಟ್ಟಿದವನು ಯೂಜೀನಿಯಸ್ ಬರ್ಚ್, ಕಡಲೊಳಕ್ಕೆ ಚಾಚುವ ಪಿಯರ್‌ಗಳನ್ನು ಕಟ್ಟಿ ಹೆಸರಾದ ಎಂಜಿನಿಯರು. ಮುಖ್ಯ ತೊಟ್ಟಿ ನೂರು ಅಡಿಗೂ ಮಿಕ್ಕಿದ ಉದ್ದದ್ದು. ಇಲ್ಲಿಯ ನಿಸರ್ಗ ವಿಜ್ಞಾನಿ ಹೆನ್ರಿ ಲೀ ಅಷ್ಟಪದಿಯ ಬಗ್ಗೆ 1875ರಲ್ಲಿ ಪುಸ್ತಕವನ್ನೇ ಬರೆದ. ರಾತ್ರಿ ತನ್ನ ತೊಟ್ಟಿಯಿಂದ ಹೊರಬಂದು, ಪಕ್ಕದ ತೊಟ್ಟಿಯ ಮೀನನ್ನು ತಿಂದು, ಸಾಚಾ ಮನುಷ್ಯನಂತೆ ವಾಪಸು ಬರುತ್ತಿದ್ದ ಅಷ್ಟಪದಿಯ ಕಥೆ ಈ ಊರಿನದೇ.

ಆದರೆ ಅದು ಷೇರುದಾರರ ಕಂಪೆನಿ; ಷೇರುದಾರರಿಗೆ ಲಾಭಾಂಶ ಬೇಕು. ಮೀನು ನೋಡುವ ಹುಚ್ಚು ಇಳಿದಂತೆ ಸಂಗೀತ ಕಛೇರಿ, ಆಟ, ಮನರಂಜನೆ ಒಂದೊಂದಾಗಿ ಒಳಗೆ ಬಂದವು. ಲಂಡನ್ನಿನಲ್ಲಂತೂ ಈ ಕಥೆ ವಿನೋದದ ತುದಿ ಮುಟ್ಟಿತು. 1876ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ತೆರೆದ 'ರಾಯಲ್ ಅಕ್ವೇರಿಯಂ'ನ ತೊಟ್ಟಿಗಳಲ್ಲಿ ಮೀನುಗಳೇ ಇರುತ್ತಿದ್ದುದು ಅಪರೂಪ. ಮರು ವರ್ಷ ಅಲ್ಲಿ ಜನ ಕಿಕ್ಕಿರಿದದ್ದು 'ಜಜೆಲ್' ಎಂಬ ಹುಡುಗಿಯನ್ನು ಫಿರಂಗಿಯಿಂದ ಹಾರಿಸುವುದನ್ನು ನೋಡಲು. ಮೀನಿಲ್ಲದ ಆ ಮತ್ಸ್ಯಾಲಯವನ್ನು 1903ರಲ್ಲಿ ಕೆಡವಿದರು.

ಇದೇ ಕಾಲದಲ್ಲಿ ಇಟಲಿಯ ನೇಪಲ್ಸಿನಲ್ಲಿ ಜರ್ಮನ್ ಪ್ರಾಣಿಶಾಸ್ತ್ರಜ್ಞ ಆಂಟನ್ ಡೋರ್ನ್ ಬೇರೆಯೇ ಒಂದು ಲೆಕ್ಕ ಹಾಕಿದ. ಅವನಿಗೆ ಬೇಕಾಗಿದ್ದುದು ಕಡಲಿನ ಜೀವಿಗಳ ಸಂಶೋಧನಾ ಕೇಂದ್ರ. ಅದಕ್ಕೆ ನಿತ್ಯದ ಹಣವೆಲ್ಲಿ? ಕೆಳಗಡೆ ಮತ್ಸ್ಯಾಲಯ ಮಾಡಿ, ಟಿಕೆಟಿನ ಹಣದಿಂದ ಮೇಲಿನ ಪ್ರಯೋಗಾಲಯಕ್ಕೆ ಆಸರೆಯಾಗಲಿ ಎಂದ. 1874ರಲ್ಲಿ ಅದು ತೆರೆಯಿತು. ಅದರ ತೊಟ್ಟಿಗಳಿಗೂ ಲಾಯ್ಡನದೇ ಸಲಹೆ. ಬ್ರೈಟನ್ನಿನ ಟಿಕೆಟಿಗೂ ನೇಪಲ್ಸಿನ ಟಿಕೆಟಿಗೂ ಇದ್ದ ವ್ಯತ್ಯಾಸ ಬೆಲೆಯದಲ್ಲ, ಆ ಹಣ ಎಲ್ಲಿಗೆ ಹರಿಯುತ್ತದೆ ಎಂಬುದರದು.

ಬ್ರೈಟನ್ನಿನ ಕಂಪೆನಿ ಸೋತಿತು. 1901ರಲ್ಲಿ ನಗರಸಭೆ ಅದನ್ನು ಕೊಂಡು, 1920ರ ದಶಕದ ಕೊನೆಯಲ್ಲಿ ಬಹುಮಟ್ಟಿಗೆ ಹೊಸದಾಗಿ ಕಟ್ಟಿಸಿತು. 1960ರ ದಶಕದ ಕೊನೆಯಲ್ಲಿ ಡಾಲ್ಫಿನ್‌ಗಳು ಬಂದವು. ಎರಡು ದಶಕ ಅವು ಅಲ್ಲಿ ಚೆಂಡಾಡಿ ಜನರನ್ನು ರಂಜಿಸಿದವು. ಊರಿನವರ ಪ್ರತಿಭಟನೆಯೂ ಬಲವಾಯಿತು. ಕೊನೆಯ ಎರಡು ಡಾಲ್ಫಿನ್‌ಗಳಾದ ಮಿಸ್ಸಿ ಮತ್ತು ಸಿಲ್ವರನ್ನು 1991ರಲ್ಲಿ ಕೆರಿಬಿಯನ್ ಕಡೆಯ ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳ ಬಳಿ ಕಡಲಿಗೆ ಬಿಟ್ಟರು. ಅದೇ ವರ್ಷ ಕಟ್ಟಡದ ಮೇಲೆ ಸೀ ಲೈಫ್ ಎಂಬ ಬೋರ್ಡು ಏರಿತು. ನಮ್ಮಂಥವರು ಆತುರದಲ್ಲಿ ತೀರ್ಪು ಕೊಡಬಾರದು ಎನ್ನುವುದಕ್ಕೇ ಇದನ್ನು ಹೇಳುತ್ತಿದ್ದೇನೆ. ವಿಕ್ಟೋರಿಯಾ ಕಾಲದ ಆ ಕಮಾನುಗಳ ಕೆಳಗೆ ಇವತ್ತು ಮೀನು ಈಜುತ್ತಿರುವುದಕ್ಕೆ ಈ ಸರಪಳಿ ಕಂಪೆನಿಯೇ ಕಾರಣ. ಡಾಲ್ಫಿನ್ ಆಟ ಅಲ್ಲಿಗೆ ಮತ್ತೆ ಬರಲಿಲ್ಲ.

ಈ ಸರಪಳಿಯ ಮೊದಲ ಕೊಂಡಿ ಬಲು ಚಿಕ್ಕದು. ಸ್ಕಾಟ್ಲೆಂಡಿನ ಓಬನ್ ಪಟ್ಟಣದ ಬಳಿ, ಕ್ರೆರನ್ ಎಂಬ ಕಡಲ ತೋಳಿನ ದಂಡೆಯ ಮೇಲೆ, 1979ರಲ್ಲಿ ಅದು ಶುರುವಾಯಿತು. ತೋರಿಸುತ್ತಿದ್ದುದು ಬಹುಪಾಲು ಆ ನೀರಿನ ಜೀವಿಗಳನ್ನೇ. ಗಾಯಗೊಂಡ ಸೀಲ್ ಮರಿಗಳ ಆರೈಕೆಯೂ ನಡೆಯುತ್ತಿತ್ತು. ಶಾಖೆಗಳು ಬೆಳೆದವು, ಒಡೆತನ ಕೈ ಬದಲಾಯಿತು. 1990ರ ದಶಕದ ಕೊನೆಗೆ ನಡೆಸುತ್ತಿದ್ದವರೇ ಅದನ್ನು ಕೊಂಡು ಮರ್ಲಿನ್ ಎಂಬ ಕಂಪೆನಿ ಮಾಡಿಕೊಂಡರು. 2005ರಲ್ಲಿ ಮರ್ಲಿನ್ ಅಮೆರಿಕದ ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆಯ ಕೈಗೆ ಬಂತು. ಲೆಗೊಲ್ಯಾಂಡ್ ಸೇರಿತು, 2007ರಲ್ಲಿ ಮೇಣದ ಬೊಂಬೆಗಳ ಮದಾಮ್ ತುಸ್ಸಾಡ್ಸ್ ಸೇರಿತು. 2013ರಲ್ಲಿ ಲಂಡನ್ನಿನ ಷೇರುಪೇಟೆ, 2019ರಲ್ಲಿ ಮತ್ತೆ ಖಾಸಗಿ ಒಡೆಯರ ಕೈ.

ಈ ಕಂಪೆನಿಯ ಲೆಕ್ಕಪತ್ರಗಳಲ್ಲಿ ಒಂದು ಪದ ಕಂಡು ನಾನು ನಿಂತುಬಿಟ್ಟೆ: 'ಮಿಡ್‌ವೇ'. ಅಮೆರಿಕದ ಜಾತ್ರೆಗಳಲ್ಲಿ ಆಟದ ಡೇರೆಗಳು ಸಾಲಾಗಿರುವ ಓಣಿಗೆ ಆ ಹೆಸರು. ಒಂದೆರಡು ಗಂಟೆಯಲ್ಲಿ ನೋಡಿ ಮುಗಿಸಬಹುದಾದದ್ದೆಲ್ಲ ಆ ಖಾತೆಗೆ ಸೇರುತ್ತಿತ್ತು; ಮೇಣದ ಬೊಂಬೆ, ಹೆದರಿಸುವ ನೆಲಮಾಳಿಗೆ, ಲಂಡನ್ನಿನ ದೊಡ್ಡ ಚಕ್ರ, ಜೊತೆಗೆ ಮೀನು. ಒಂದೇ ಖಾತೆಯಲ್ಲಿ ಬರೆದ ಮೇಲೆ ಒಂದೇ ಅಳತೆಗೋಲಿನಿಂದ ಅಳೆಯುವುದು ಸಹಜ. ಎರಡು ಗಂಟೆಯ ನೋಟಕ್ಕೆ ಕಣ್ಣು ಸೆಳೆಯುವ ಬಣ್ಣ ಬೇಕು, ಶಾರ್ಕು, ಆಮೆ, ಪೆಂಗ್ವಿನ್ ಬೇಕು, ತಲೆಯ ಮೇಲೊಂದು ಸುರಂಗ ಬೇಕು. ಮರಳಿನ ಬಣ್ಣಕ್ಕೆ ತಿರುಗಿ ಮರಳಿನಲ್ಲೇ ಹೂತು ಕುಳಿತಿರುವ ಊರಿನ ಚಪ್ಪಟೆ ಮೀನನ್ನು ನೋಡಲು ಹತ್ತು ನಿಮಿಷದ ತಾಳ್ಮೆ ಬೇಕು. ಅದು ತೊಟ್ಟಿಯಿಂದ ಮಾಯವಾಗುವುದಿಲ್ಲ, ಮೂಲೆಗೆ ಸರಿಯುತ್ತದೆ.

ಆಕ್ಲೆಂಡಿನ ಸುರಂಗದ ಕಥೆ ತಿಳಿದಾಗ ನನಗೆ ಇನ್ನೂ ಆಶ್ಚರ್ಯವಾಯಿತು. ಅದನ್ನು ಕಟ್ಟಿದವನು ಕೆಲ್ಲಿ ಟಾರ್ಲ್‌ಟನ್, ಮುಳುಗಿದ ಹಡಗುಗಳಲ್ಲಿ ನಿಧಿ ಹುಡುಕುತ್ತಿದ್ದ ಮುಳುಗುಗಾರ. ತಾನು ಕಡಲ ತಳದಲ್ಲಿ ಕಂಡದ್ದನ್ನು ಈಜು ಬಾರದವರಿಗೂ ತೋರಿಸಬೇಕೆಂಬುದು ಅವನ ಹಂಬಲ. ಊರಿನ ಕೊಳಚೆ ನೀರಿಗೆಂದು ಕಟ್ಟಿ ಬಳಕೆ ತಪ್ಪಿದ ತೊಟ್ಟಿಗಳನ್ನು ಹಿಡಿದ. ಅಕ್ರಿಲಿಕ್ ಹಾಳೆಗಳನ್ನು ಕಾಯಿಸಿ ಬಾಗಿಸಿ ಸುರಂಗ ಮಾಡಿ, ಜನ ನಿಂತಲ್ಲೇ ಸಾಗುವಂತೆ ಕೆಳಗೆ ಚಲಿಸುವ ಪಟ್ಟಿ ಹಾಕಿದ. 1985ರ ಜನವರಿಯಲ್ಲಿ ಅದು ತೆರೆಯಿತು. ಏಳು ವಾರ ಕಳೆಯುವಷ್ಟರಲ್ಲಿ, 47ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ.

ಅಂಥ ಸುರಂಗ ಮುಂದೆ ಜಗತ್ತಿನ ಎಷ್ಟೋ ಮತ್ಸ್ಯಾಲಯಗಳಿಗೆ ಬಂತು. ಸುರಂಗವಿಲ್ಲದಿದ್ದರೆ ಮತ್ಸ್ಯಾಲಯವೇ ಅಲ್ಲ ಎನ್ನುವಷ್ಟಾಯಿತು. ಕೊನೆಗೆ 2011ರಲ್ಲಿ ಸಿಡ್ನಿಯ ಮತ್ಸ್ಯಾಲಯದ ಜೊತೆಗೆ ಟಾರ್ಲ್‌ಟನ್ನನ ಕೆಲಸವೂ ಮರ್ಲಿನ್ ಕೈಸೇರಿತು. ಒಬ್ಬ ಮನುಷ್ಯ ಒಂದು ಊರಿನಲ್ಲಿ ಕಂಡ ಕನಸು ಎಲ್ಲ ಊರುಗಳ ಮಾಮೂಲಿ ವಸ್ತುವಾಗಿ, ಆಮೇಲೆ ಅವನ ಮನೆಗೇ ಶಾಖೆಯ ಬೋರ್ಡು ಹೊತ್ತು ಬಂದಂತಾಯಿತು. ಅವನ ಹೆಸರನ್ನು ಮಾತ್ರ ಅಳಿಸಿಲ್ಲ. ಸೀ ಲೈಫ್ ಎಂಬುದರ ನಂತರ ಇಂದಿಗೂ ಅವನ ಹೆಸರಿದೆ. ಅಲ್ಲಿ ಕಾಯಿಲೆ ಬಿದ್ದ ಕಡಲಾಮೆಗಳಿಗೆ ಚಿಕಿತ್ಸೆ ಮಾಡಿ ಕಡಲಿಗೆ ಬಿಡುತ್ತಾರೆ ಎಂಬುದನ್ನೂ ಹೇಳಬೇಕು.

ದೊಡ್ಡ ಹಣ ಮಾಡಬಲ್ಲ ಒಳ್ಳೆಯದಕ್ಕೂ ಉದಾಹರಣೆಯಿದೆ. 2012ರಲ್ಲಿ ಮರ್ಲಿನ್ ಇನ್ನೊಂದು ಕಂಪೆನಿಯನ್ನು ಕೊಂಡಾಗ ಅದರೊಂದಿಗೆ ಶಾಂಘೈಯ ಒಂದು ಮತ್ಸ್ಯಾಲಯವೂ, ಅಲ್ಲಿ ಆಟವಾಡುತ್ತಿದ್ದ ಎರಡು ಬಿಳಿ ಬೆಲುಗಾ ತಿಮಿಂಗಿಲಗಳೂ ಬಂದವು. ತಿಮಿಂಗಿಲ, ಡಾಲ್ಫಿನ್‌ಗಳನ್ನು ಕೂಡಿಹಾಕಬಾರದೆಂಬುದು ಈ ಕಂಪೆನಿಯ ನಿಲುವು. 2019ರ ಜೂನ್‌ನಲ್ಲಿ ಆ ಎರಡನ್ನೂ ವಿಮಾನದಲ್ಲಿ ಐಸ್‌ಲ್ಯಾಂಡಿಗೆ ಸಾಗಿಸಿದರು, ಅಲ್ಲಿನ ಕೊಲ್ಲಿಯೊಂದರಲ್ಲಿ ಬಲೆ ಕಟ್ಟಿ ಬಿಡಬೇಕೆಂದು. ಕೊಲ್ಲಿಯ ಬದುಕಿಗೆ ಅವು ಸುಲಭವಾಗಿ ಒಗ್ಗಲಿಲ್ಲ. ಮತ್ತೆ ಮತ್ತೆ ಒಳಗಿನ ಕೊಳಕ್ಕೆ ತರಬೇಕಾಯಿತು. ಸಣ್ಣ ಊರಿನ ಸಣ್ಣ ಮತ್ಸ್ಯಾಲಯ ಕೈಹಾಕುವ ಕೆಲಸವಲ್ಲ ಅದು. ತಮಾಷೆಯೆಂದರೆ, ಮರ್ಲಿನ್‌ನಲ್ಲಿ ದೊಡ್ಡ ಪಾಲಿದ್ದ ಬ್ಲ್ಯಾಕ್‌ಸ್ಟೋನ್ 2009ರಲ್ಲಿ ಕೊಂಡದ್ದು ಓರ್ಕಾ ತಿಮಿಂಗಿಲಗಳನ್ನು ಕುಣಿಸುವ ಅಮೆರಿಕದ ಸೀ ವರ್ಲ್ಡನ್ನು. ಒಂದು ಕೈಯಲ್ಲಿ ಕುಣಿತ, ಇನ್ನೊಂದು ಕೈಯಲ್ಲಿ ಕುಣಿತ ಕೂಡದೆಂಬ ನೀತಿ. ಹಣಕ್ಕೆ ಎರಡೂ ಒಂದೇ.

ಬೇರೆ ದಾರಿ ಇಲ್ಲವೇ ಎಂದರೆ, ಇದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಮುಚ್ಚಿದ ಮೀನಿನ ಕಾರ್ಖಾನೆಯೊಂದರ ಜಾಗದಲ್ಲಿ 1984ರಲ್ಲಿ ಒಂದು ಮತ್ಸ್ಯಾಲಯ ತೆರೆಯಿತು. ಪ್ಯಾಕರ್ಡ್ ಕುಟುಂಬದ ದಾನದಿಂದ ಕಟ್ಟಿದ, ಲಾಭಕ್ಕಲ್ಲದ ಸಂಸ್ಥೆ. ಅದು ಮೊದಲಿಗೆ ತೋರಿಸಿದ್ದು ಎದುರಿಗಿದ್ದ ಕೊಲ್ಲಿಯನ್ನೇ: ಮೂರು ಮಹಡಿ ಎತ್ತರದ ತೊಟ್ಟಿಯಲ್ಲಿ ಬೆಳೆಯುವ ಜೀವಂತ ಕೆಲ್ಪ್ ಕಾಡು, ಅದು ಬದುಕಲು ಯಂತ್ರ ಎಬ್ಬಿಸುವ ಅಲೆ. ಊರಿನ ಮಕ್ಕಳು ಅಲ್ಲಿಂದ ಹೊರಬಂದು ಕಡಲು ನೋಡಿದರೆ ಒಳಗೆ ಕಂಡದ್ದು ಹೊರಗೂ ಇದೆಯೆಂದು ಗೊತ್ತಾಗುತ್ತದೆ. ಅಂಥ ದಾನಿ ಎಲ್ಲ ಊರಿಗೂ ಸಿಗುವುದಿಲ್ಲ ಎಂಬುದೂ ನಿಜ.

ಓಬನ್ ಬಳಿಯ ಆ ಮೊದಲ ಕೇಂದ್ರವನ್ನು 2018ರಲ್ಲಿ ಮುಚ್ಚಿದರು. ಆಸ್ಟ್ರೇಲಿಯಾದಲ್ಲಿ 1960ರ ದಶಕದಿಂದ ಇದ್ದ ಮ್ಯಾನ್‌ಲಿ ಮತ್ಸ್ಯಾಲಯವೂ ಅದೇ ವರ್ಷ ಬಾಗಿಲು ಹಾಕಿತು. ಸರಪಳಿಗೆ ಒಂದು ಕೊಂಡಿ ಕಳಚಿದರೆ ಇನ್ನೊಂದು ಸೇರುತ್ತದೆ, ಅಂಗಡಿ ನಡೆಯುತ್ತದೆ. ಆದರೆ ಕ್ರೆರನ್ ದಂಡೆಯ ಮಗುವಿಗೆ ತನ್ನೂರಿನ ನೀರಿನೊಳಗೆ ಏನಿದೆಯೆಂದು ತೋರಿಸುವ ಕಿಟಕಿ ಅದೊಂದೇ ಆಗಿತ್ತು.

ಊರಿಗೆ ಬಂದ ಮೇಲೆ ಒಂದು ದಿನ ದಕ್ಕೆಗೆ ಹೋದೆ. ಬುಟ್ಟಿಯ ಮುಂದೆ ಕೂತ ಹೆಂಗಸು ಒಂದೊಂದೇ ಮೀನು ಎತ್ತಿ ಹೆಸರು ಹೇಳಿದರು, ಯಾವುದು ಯಾವ ತಿಂಗಳಲ್ಲಿ ಬರುತ್ತದೆ, ಯಾವುದು ಈಗ ಬರುವುದೇ ಇಲ್ಲ ಎಂದೂ ಹೇಳಿದರು. ಬರುವುದೇ ಇಲ್ಲ ಎಂದ ಮೀನುಗಳಲ್ಲಿ ನಾಲ್ಕರ ಹೆಸರು ನಾನು ಕೇಳಿದ್ದೆ, ಎರಡನ್ನು ನೋಡಿಯೇ ಇರಲಿಲ್ಲ. ಶಾರ್ಕು ನೋಡಲು ಎರಡು ದೇಶ ಸುತ್ತಿ ಬಂದವನು ನಾನು.